ಮೂತ್ರಕೋಶದ ಸ್ಕ್ಯಾನ್‌ಗೆ ಹೋಗೋ ಹೆಂಗಸರಿಗೆ: ನೀರು ಕುಡಿಯೋದ್ರಿಂದ ರಿಪೋರ್ಟ್ ಓದೋ ತನಕ

ಸ್ಕ್ಯಾನ್ ರೂಮ್ ಹೊರಗೆ ದಿನಾ ಕೇಳೋ ಮಾತು ಎರಡೇ. "ಯೂರಿನ್ ತುಂಬಿಲ್ಲಮ್ಮ, ಇನ್ನೂ ನೀರು ಕುಡ್ಕೊಂಡು ಕೂತ್ಕೊಳಿ", ಇಲ್ಲಾಂದ್ರೆ "ತಡ್ಕೊಳ್ಳಕ್ಕಾಗ್ತಿಲ್ಲ ಸಿಸ್ಟರ್, ಬೇಗ ಒಳಗೆ ಬಿಡಿ". ಇವೆರಡರ ಮಧ್ಯೆ ಸರಿಯಾಗಿ ತಯಾರಾಗಿ ಬರೋರು ಕಮ್ಮಿ. ಬಂದ್ರೂ ಸ್ಕ್ಯಾನಿನ ಎರಡನೇ ಭಾಗ ಇದ್ಯಲ್ಲ, ಬಾತ್ರೂಮಿಗೆ ಹೋಗಿ ಬಂದು ಮತ್ತೆ ಮಲಗೋದು, ಎಡವಟ್ಟಾಗೋದು ಅಲ್ಲಿ. ಆಮೇಲೆ ರಿಪೋರ್ಟಲ್ಲಿ "180 ಎಂಎಲ್ ಮೂತ್ರ ಒಳಗೇ ಉಳ್ಕೊಂಡಿದೆ" ಅಂತ ಬಂದು ಮನೆಯೋರಿಗೆಲ್ಲ ಗಾಬರಿ, ಇನ್ನೊಂದು ಡಾಕ್ಟ್ರು, ಇನ್ನೊಂದು ಸ್ಕ್ಯಾನು, ಇನ್ನೊಂದು ಬಿಲ್ಲು. ಎಷ್ಟೋ ಸಲ ಮೆಷಿನ್ ತಪ್ಪು ಹೇಳಿರಲ್ಲ, ಅಳತೆ ತಗೊಂಡ ಹೊತ್ತು ತಪ್ಪಿರತ್ತೆ ಅಷ್ಟೆ.

ಅದಕ್ಕೇ ಮನೆಯಿಂದ ಹೊರಡೋಕೆ ಮುಂಚಿಂದ ಹಿಡಿದು ರಿಪೋರ್ಟ್ ಕೈಗೆ ಬರೋ ತನಕ ಒಂದೊಂದಾಗಿ ಬರೀತಿದೀನಿ. ಇದೇ ಆರ್ಡರಲ್ಲಿ ಓದಿ, ನೇರ ಕೊನೇ ಹಂತಕ್ಕೆ ಹಾರಬೇಡಿ.

## ಹಂತ 1: ಇದು ಸ್ಕ್ಯಾನ್ ಡೇಟಿಗೆ ಕಾಯೋ ಕೇಸಾ ನೋಡ್ಕೊಳ್ಳಿ

ಕೆಳಹೊಟ್ಟೆ ಊದ್ಕೊಂಡು ನೋವಿದೆ, ಬರ್ತಿರೋ ಹಾಗಿದೆ, ಆದ್ರೆ ಒಂದು ತೊಟ್ಟೂ ಬರ್ತಿಲ್ಲ ಅಂದ್ರೆ ಅಪಾಯಿಂಟ್‌ಮೆಂಟ್ ಕಾಯೋ ಹಾಗಿಲ್ಲ, ಸೀದಾ ಎಮರ್ಜೆನ್ಸಿಗೆ. ಚಳಿಜ್ವರದ ಜೊತೆ ಪಕ್ಕೆ ನೋವು, ವಾಂತಿ ಇದ್ರೂ ಅಷ್ಟೇ, ಸೋಂಕು ಕಿಡ್ನಿಗೆ ಹತ್ತಿರಬಹುದು. ಬಸುರಿ ಹೆಂಗಸಿಗೆ ಉರಿಮೂತ್ರ ಬಂದ್ರೆ "ಎಳನೀರು ಕುಡಿ, ಸರಿಹೋಗತ್ತೆ" ಅಂತ ಕೂರಿಸೋದು ಬೇಡ, ಅವತ್ತೇ ಡಾಕ್ಟ್ರಿಗೆ ತೋರಿಸಿ.

ಇನ್ನೊಂದು ಜನಕ್ಕೆ ಗೊತ್ತೇ ಇರಲ್ಲ. ಬೆನ್ನುನೋವು ಇರೋರಿಗೆ ಇದ್ದಕ್ಕಿದ್ದ ಹಾಗೆ ಕಾಲಲ್ಲಿ ಶಕ್ತಿ ಕಮ್ಮಿಯಾಗಿ, ತೊಡೆ ಸಂದಿ ಮತ್ತೆ ಕೂರೋ ಜಾಗ ಜೋಮು ಹಿಡಿದು, ಮೂತ್ರ ಕಟ್ಟಿದ್ರೆ ಅಥವಾ ಗೊತ್ತಾಗದೆ ಹೋಗ್ತಿದ್ರೆ ಅದು ಬೆನ್ನುಹುರಿ ಕೆಳಗಿನ ನರ ಒತ್ತಿರೋ ಲಕ್ಷಣ. ಅದಕ್ಕೆ ಬೇಕಾಗಿರೋದು ಬೆನ್ನಿನ ಎಂಆರ್‌ಐ, ಅದೂ ಅವತ್ತೇ.

ಬಾಣಂತಿಯರ ವಿಷ್ಯ ಬೇರೆನೇ. ಹೆರಿಗೆ ಆಗಿ, ಅಥವಾ ಸಿಸೇರಿಯನ್‌ಗೆ ಹಾಕಿದ್ದ ಮೂತ್ರದ ಪೈಪ್ ತೆಗೆದು 6 ಗಂಟೆ ಆದ್ರೂ ಒಂದಕ್ಕೆ ಹೋಗಿಲ್ಲ ಅಂದ್ರೆ ನರ್ಸಿಗೆ ಹೇಳಲೇಬೇಕು. ಮಗು ಎಳೆಯೋಕೆ ಫೋರ್‌ಸೆಪ್ಸ್ (ಇಕ್ಕಳ) ಹಾಕಿದ್ರೆ, ಬೆನ್ನಿಗೆ ನೋವಿನ ಇಂಜೆಕ್ಷನ್ ಕೊಟ್ಟಿದ್ರೆ ಮೂತ್ರ ತುಂಬಿರೋದು ಅವರಿಗೆ ಗೊತ್ತೇ ಆಗದಿರಬಹುದು. ನೋವಿಲ್ಲ ಅಂದ ಮಾತ್ರಕ್ಕೆ ತುಂಬಿಲ್ಲ ಅಂತಲ್ಲ.

## ಹಂತ 2: ಸ್ಕ್ಯಾನ್ ಏನು ತೋರಿಸತ್ತೆ, ಏನು ತೋರಿಸಲ್ಲ

ಇದು ಗೊತ್ತಿಲ್ದೆ ಹೋಗೋರೇ ಆಮೇಲೆ "ಸ್ಕ್ಯಾನ್ ನಾರ್ಮಲ್ ಬಂತು, ಆದ್ರೂ ಉರಿ ನಿಂತಿಲ್ಲ" ಅನ್ನೋದು.

ಆರೋಗ್ಯವಾಗಿರೋ ಹೆಂಗಸಿಗೆ ಒಂದ್ಸಲ ಉರಿಮೂತ್ರ ಬಂದ್ರೆ ಸಾಮಾನ್ಯವಾಗಿ ಸ್ಕ್ಯಾನ್ ಬೇಡ, ಬೇಕಾಗಿರೋದು ಯೂರಿನ್ ಟೆಸ್ಟು, ಡಾಕ್ಟ್ರು ಹೇಳಿದ್ರೆ ಕಲ್ಚರ್ರು. ಯಾವ ಬ್ಯಾಕ್ಟೀರಿಯಾ, ಯಾವ ಆಂಟಿಬಯೋಟಿಕ್ಕಿಗೆ ಬಗ್ಗತ್ತೆ ಅನ್ನೋದು ಕಲ್ಚರಲ್ಲಿ ಗೊತ್ತಾಗತ್ತೆ, ಸ್ಕ್ಯಾನಲ್ಲಿ ಅಲ್ಲ. ಅದೇ ಸೋಂಕು ಪದೇ ಪದೇ ಬರ್ತಿದ್ರೆ, ಮೂತ್ರದಲ್ಲಿ ರಕ್ತ ಹೋದ್ರೆ, ಪೂರ್ತಿ ಖಾಲಿ ಆಗಿಲ್ಲ ಅನ್ನೋ ಫೀಲಿಂಗ್ ಇದ್ರೆ, ಗರ್ಭಕೋಶ ಜಾರಿದ್ರೆ, ತುಂಬಾ ವರ್ಷದಿಂದ ಶುಗರ್ ಇದ್ರೆ, ಸ್ಟ್ರೋಕ್ ಅಥವಾ ಬೆನ್ನುಹುರಿ ತೊಂದ್ರೆ ಇದ್ರೆ ಆಗ ಸ್ಕ್ಯಾನಿಗೆ ನಿಜವಾದ ಕೆಲಸ ಇದೆ.

ಕಲ್ಲು, ದೊಡ್ಡ ಗಡ್ಡೆ, ದಪ್ಪಗಾದ ಗೋಡೆ, ಹಿಂದೆಯಿಂದ ಒತ್ತುತಿರೋ ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ), ಕಿಡ್ನಿ ಊತ, ಮೂತ್ರ ಎಷ್ಟು ಉಳೀತು ಅನ್ನೋದು, ಇವೆಲ್ಲ ಕಾಣತ್ತೆ. ಪದೇ ಪದೇ ಅವಸರ ಆಗೋ ಓವರ್‌ಆಕ್ಟಿವ್ ಬ್ಲಾಡರ್ ಇದ್ಯಾ ಇಲ್ವಾ ಅಂತ ಸ್ಕ್ಯಾನ್ ಹೇಳಲ್ಲ. ಪುಟ್ಟ ಗೆಡ್ಡೆ, ಗೋಡೆಗೆ ಚಪ್ಪಟೆಯಾಗಿ ಅಂಟಿಕೊಂಡಿರೋ ಕ್ಯಾನ್ಸರ್ ತಪ್ಪಿ ಹೋಗಬಹುದು. ಅದಕ್ಕೇ ಕಣ್ಣಿಗೆ ಕಾಣೋ ಹಾಗೆ ರಕ್ತ ಹೋಗಿದ್ರೆ, ನೋವಿಲ್ದೆ ಹೋಗಿದ್ರಂತೂ, ಸ್ಕ್ಯಾನ್ ನಾರ್ಮಲ್ ಅಂದ್ರೂ ಯೂರಾಲಜಿಸ್ಟ್ ಹತ್ರ ಹೋಗಿ ಸಿಸ್ಟೋಸ್ಕೋಪಿ (ಮೂತ್ರದ ದಾರಿಯಿಂದ ಸಣ್ಣ ಕ್ಯಾಮೆರಾ ಹಾಕಿ ಒಳಗೆ ನೋಡೋದು) ಬೇಕಾ ಅಂತ ಕೇಳಲೇಬೇಕು. ಮುಟ್ಟು ನಿಂತು ವರ್ಷಗಳಾದವರು "ಮತ್ತೆ ಮುಟ್ಟಾಗಿರಬೇಕು" ಅಂದ್ಕೊಂಡು ಸುಮ್ನಿರ್ತಾರೆ. ರಕ್ತ ಬರ್ತಿರೋದು ಮೂತ್ರದ ಜಾಗದಿಂದಾನಾ ಗರ್ಭಕೋಶದಿಂದಾನಾ ಗೊತ್ತಾಗ್ತಿಲ್ಲ ಅಂದ್ರೂ ಡಾಕ್ಟ್ರಿಗೆ ಹೇಳಿ, ಆ ವಯಸ್ಸಲ್ಲಿ ಎರಡೂ ನೋಡ್ಬೇಕಾದ್ದೇ.

## ಹಂತ 3: ಮೂರು ದಿನ ಮುಂಚೆ ಒಂದು ಚೀಟಿ

ಹಳೇ ಅಳತೆ ಜಗ್ಗೊಂದು ಬಾತ್ರೂಮಲ್ಲಿ ಇಟ್ಕೊಳ್ಳಿ. ಮೂರು ದಿನ, ಎಷ್ಟೊತ್ತಿಗೆ ಹೋದ್ರಿ, ಎಷ್ಟು ಎಂಎಲ್ ಬಂತು, ಏನು ಕುಡಿದ್ರಿ, ಯಾವಾಗ ಲೀಕ್ ಆಯ್ತು, ಇಷ್ಟು ಬರೆದ್ರೆ ಸಾಕು. ಕೆಮ್ಮಿದಾಗ ಸೀನಿದಾಗ ಹೋಯ್ತಾ, ಬಾಗಿಲ ಬೀಗ ತೆಗೆಯೋಷ್ಟರಲ್ಲಿ ಹೋಯ್ತಾ ಅನ್ನೋದನ್ನೂ ಬರೀರಿ, ಎರಡರ ಟ್ರೀಟ್‌ಮೆಂಟೇ ಬೇರೆ.

ಆಫೀಸಿಗೆ ಹೋಗೋರು ರಜೆ ದಿನ ಸೇರಿಸ್ಕೊಂಡು ಮಾಡಿ. ಜಗ್ಗು ಹಿಡ್ಕೊಂಡು ಓಡಾಡೋದು ಮುಜುಗರ ಅಂತ ಅಂದಾಜಲ್ಲಿ ಬರೆಯೋರಿದಾರೆ, ಅದು ಬರೀದೇ ಇರೋದಕ್ಕೆ ಸಮ. ಬೆಳಗ್ಗೆ ಎದ್ದಾಗ 400, ದಿನದಲ್ಲಿ 80-100ರ ಹಾಗೆ ಹದಿನೈದು ಸಲ ಅಂತ ಕಂಡ್ರೆ, ಮೂತ್ರದ ಚೀಲಕ್ಕೆ 400 ಹಿಡಿಯೋ ಶಕ್ತಿ ಇದೆ, ಹಗಲಲ್ಲಿ ಮಾತ್ರ ಅಷ್ಟು ಹಿಡೀತಿಲ್ಲ ಅಂತ ಡಾಕ್ಟ್ರಿಗೆ ಆ ಚೀಟಿಯಿಂದಾನೇ ಗೊತ್ತಾಗತ್ತೆ.

ಮಲಬದ್ಧತೆ ಇದ್ರೆ ಈ ಮೂರು ದಿನದಲ್ಲೇ ಸರಿ ಮಾಡ್ಕೊಳ್ಳಿ. ಹಿಂದೆ ಗಟ್ಟಿ ಮಲ ತುಂಬಿದ್ರೆ ಮೂತ್ರ ಪೂರ್ತಿ ಹೋಗಲ್ಲ, ಸ್ಕ್ಯಾನಲ್ಲೂ ಗೊಂದಲ.

ಮಾತ್ರೆಗಳ ಪಟ್ಟಿನೂ ಬೇಕು. ಶೀತಕ್ಕೆ ತಗೊಳ್ಳೋ ಕೆಲವು ಮಾತ್ರೆ, ನರದ ನೋವಿಗೆ ಕೊಡೋ ಅಮಿಟ್ರಿಪ್ಟಿಲಿನ್, ಅವಸರದ ಮೂತ್ರಕ್ಕೇ ಕೊಡೋ ಸೊಲಿಫೆನಾಸಿನ್ ಥರದ್ದು, ಇವು ಮೂತ್ರ ಉಳಿಯೋ ಹಾಗೆ ಮಾಡಬಹುದು. ನೀವಾಗೇ ನಿಲ್ಲಿಸಬೇಡಿ, ತಗೊಳ್ತಿದೀನಿ ಅಂತ ಹೇಳಿ ಸಾಕು.

## ಹಂತ 4: ನೀರು ಕುಡಿಯೋ ಲೆಕ್ಕ

ಸ್ಕ್ಯಾನಿಗೆ ಎರಡು ಗಂಟೆ ಮುಂಚೆ ಒಂದ್ಸಲ ಬಾತ್ರೂಮಿಗೆ ಹೋಗಿ ಖಾಲಿ ಮಾಡ್ಕೊಳ್ಳಿ. ಆಮೇಲೆ ಅರ್ಧ ಗಂಟೆಲಿ ನಿಧಾನಕ್ಕೆ ಒಂದು ಲೀಟರ್ ಬಾಟಲಿಯ ಮುಕ್ಕಾಲು ಭಾಗ, ಅಂದ್ರೆ ಸ್ಟೀಲ್ ಲೋಟದಲ್ಲಿ ನಾಲ್ಕು ಲೋಟ ಹತ್ತಿರ. ಸ್ಕ್ಯಾನಿಗೆ ಒಂದು ಗಂಟೆ ಇರೋವಾಗ ಕುಡಿದು ಮುಗಿಸಿರಬೇಕು. ಆಮೇಲೆ ಹೋಗೋ ಹಾಗಿಲ್ಲ. ನಿಮ್ಮ ಸೆಂಟರ್‌ನೋರು ಬೇರೆ ಲೆಕ್ಕ ಹೇಳಿದ್ರೆ ಅವರದ್ದೇ ಫಾಲೋ ಮಾಡಿ.

ಎಷ್ಟು ತುಂಬಿರಬೇಕು ಅಂದ್ರೆ, "ಹೋಗ್ಬೇಕು ಅನಿಸ್ತಿದೆ, ಆದ್ರೆ ಕೂತು ಮಾತಾಡಬಹುದು" ಅನ್ನೋಷ್ಟು. ಕಾಲು ಅಲ್ಲಾಡಿಸ್ಕೊಂಡು ಬೆವರೋಷ್ಟು ಅಲ್ಲ. 250ರಿಂದ 400 ಎಂಎಲ್ ಇದ್ರೆ ಚೆನ್ನಾಗಿ ಕಾಣತ್ತೆ. 700-800 ತುಂಬಿಸ್ಕೊಂಡು ಬಂದ್ರೆ ಚೀಲ ಹಿಗ್ಗಿ ಸೋತು, ಒಂದೇ ಸಲಕ್ಕೆ ಪೂರ್ತಿ ಹೊರಗೆ ತಳ್ಳಕ್ಕಾಗಲ್ಲ, ಆಗ ತೊಂದ್ರೆ ಇಲ್ಲದವರಿಗೂ "ಉಳಿದಿದೆ" ಅಂತ ಬರತ್ತೆ. ಕಿಡ್ನಿನೂ ಸ್ವಲ್ಪ ಊದಿದ ಹಾಗೆ ಕಾಣಬಹುದು. ಖಾಲಿ ಆದ್ಮೇಲೆ ಮತ್ತೆ ಕಿಡ್ನಿ ನೋಡಿದ್ರೆ ಆ ಊತ ಇರಲ್ಲ, ಹಾಗೆ ನೋಡಿದ್ರಾ ಅಂತ ಕೇಳಿ.

ಇಲ್ಲಿ ಆಗೋ ತಪ್ಪುಗಳು:

ಒಂದು, "ಖಾಲಿ ಹೊಟ್ಟೆಲಿ ಬನ್ನಿ" ಅಂದ್ರು ಅಂತ ನೀರೂ ಬಿಡೋದು. ಪೂರ್ತಿ ಹೊಟ್ಟೆ ಸ್ಕ್ಯಾನ್ ಆದ್ರೆ ಪಿತ್ತಕೋಶ ಕಾಣಲಿ ಅಂತ ಊಟ ಬೇಡ ಅಂತಾರೆ, ಸಾಮಾನ್ಯವಾಗಿ ಬರೀ ನೀರಿಗೆ ತಡೆ ಇರಲ್ಲ. ಬರೀ ಮೂತ್ರಕೋಶದ ಸ್ಕ್ಯಾನ್ ಆದ್ರೆ ತಿಂಡಿ ತಿನ್ನಬಹುದು, ಫೋನಲ್ಲೇ ಕೇಳ್ಕೊಂಡ್ಬಿಡಿ. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಇದನ್ನ ಖಂಡಿತ ಕೇಳ್ಬೇಕು, ಉಪವಾಸದಲ್ಲಿ ಡೋಸ್ ತಗೊಂಡು ಬೆಂಚ್ ಮೇಲೆ ತಲೆ ಸುತ್ತಿ ಬೀಳೋದು ಬೇಡ.

ಎರಡು, ನೀರಿನ ಬದ್ಲು ಕಾಫಿ, ಟೀ, ಸೋಡ. ಕಾಫಿ ಟೀ ಅವಸರ ಜಾಸ್ತಿ ಮಾಡತ್ತೆ, ಸೋಡದಿಂದ ಕರುಳಲ್ಲಿ ಗ್ಯಾಸ್, ಗ್ಯಾಸ್ ಇರೋ ಕಡೆ ಅಲ್ಟ್ರಾಸೌಂಡ್ ದಾಟಲ್ಲ.

ಮೂರು, ಹಳ್ಳಿಯಿಂದ ಬರೋರದ್ದು. ದಾರೀಲಿ ಬಾತ್ರೂಮ್ ಇರಲ್ಲ ಅಂತ ಹಿಂದಿನ ರಾತ್ರಿಯಿಂದಾನೇ ನೀರು ಬಿಟ್ಟು ಬಸ್ ಹತ್ತತಾರೆ. ಬಾಯಿ ಒಣಗಿಸ್ಕೊಂಡು ಬಂದವರಿಗೆ ಆಸ್ಪತ್ರೆಲಿ ಒಂದು ಲೀಟರ್ ಕುಡಿಸಿದ್ರೂ ಬೇಗ ತುಂಬಲ್ಲ, ಮೊದ್ಲು ಮೈ ಎಳ್ಕೊಳತ್ತೆ. ಹಿಂದಿನ ದಿನ ಎಂದಿನ ಹಾಗೆ ಕುಡೀರಿ, ಬಸ್ ಇಳಿದು ಆಸ್ಪತ್ರೆಲಿ ಒಂದ್ಸಲ ಹೋಗಿ, ಆಮೇಲೆ ಲೆಕ್ಕ ಶುರು ಮಾಡಿ.

ಹಾರ್ಟ್ ವೀಕ್ ಇರೋರು, ಡಯಾಲಿಸಿಸ್ ಮಾಡಿಸ್ಕೊಳ್ಳೋರು, "ದಿನಕ್ಕೆ ಇಷ್ಟೇ ನೀರು" ಅಂತ ಹೇಳಿಸ್ಕೊಂಡಿರೋರು ಈ ಲೆಕ್ಕ ಫಾಲೋ ಮಾಡಬೇಡಿ, ಡಾಕ್ಟ್ರನ್ನ ಕೇಳಿ. ಕಿಡ್ನಿ ತೊಂದ್ರೆ ಇರೋರು ಎಳನೀರು ಕುಡಿದು ತುಂಬಿಸೋದಂತೂ ಬೇಡವೇ ಬೇಡ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ನೀರಿಳಿಯೋ ಮಾತ್ರೆ ತಗೊಂಡಿದ್ರೆ ಬೇಗ ತುಂಬತ್ತೆ, ರಿಸೆಪ್ಷನ್‌ನಲ್ಲಿ ಹೇಳಿಡಿ. ಪೈಪ್ ಹಾಕಿರೋರಿಗೆ ಅದನ್ನ ಎಷ್ಟೊತ್ತು ಕ್ಲಾಂಪ್ ಹಾಕಿ ಮುಚ್ಚಿಡಬೇಕು ಅಂತ ಆಸ್ಪತ್ರೆಯೋರೇ ಹೇಳ್ಬೇಕು, ಮನೇಲಿ ದಾರ ಕಟ್ಟೋದೆಲ್ಲ ಮಾಡಬೇಡಿ.

ತಡ್ಕೊಳ್ಳಕ್ಕೇ ಆಗದವರು, ಲೀಕ್ ಆಗೋ ತೊಂದ್ರೆಗೇ ಬಂದಿರೋರು, ಮೊದಲೇ ಕೌಂಟರ್‌ನಲ್ಲಿ "ನಂಗೆ ಹಿಡ್ಕೊಳ್ಳಕ್ಕಾಗಲ್ಲ, ಸ್ವಲ್ಪ ಮುಂಚೆ ಬಿಡಿ" ಅಂತ ಬಾಯಿಬಿಟ್ಟು ಹೇಳಿ. ನಾಚ್ಕೊಂಡು ಸಾಲಲ್ಲಿ ಕೂತು ಸೀರೆ ಒದ್ದೆ ಮಾಡ್ಕೊಂಡು ಅತ್ತವರನ್ನ ನೋಡಿದೀನಿ, ಅದಾದ್ಮೇಲೆ ಸ್ಕ್ಯಾನೂ ಇಲ್ಲ.

## ಹಂತ 5: ಬ್ಯಾಗಲ್ಲಿ

ಹಳೇ ಸ್ಕ್ಯಾನ್ ರಿಪೋರ್ಟು, ಡಾಕ್ಟ್ರ ಚೀಟಿ, ಮೂರು ದಿನದ ಲೆಕ್ಕ, ನೀರಿನ ಬಾಟಲಿ, ಪ್ಯಾಡ್ ಎರಡು, ಬದಲಿ ಒಳ ಉಡುಪು, ಜೆಲ್ ಒರೆಸೋಕೆ ಹಳೇ ಟವೆಲ್. ಬಟ್ಟೆ ಸೀರೆಯೋ ಟಾಪ್-ಪ್ಯಾಂಟೋ ಆಗಲಿ, ಸೊಂಟದಿಂದ ಕೆಳಗೆ ನಾಲ್ಕು ಬೆರಳು ಸಡಿಲಿಸೋ ಹಾಗಿರಲಿ. ನೈಟಿ ಹಾಕ್ಕೊಂಡು ಬಂದ್ರೆ ಪೂರ್ತಿ ಎತ್ತಬೇಕಾಗತ್ತೆ, ಮುಜುಗರ ನಿಮಗೇ.

ಬಸುರಿಯಾಗಿದ್ರೆ, ಆಗಿರಬಹುದು ಅನ್ನೋ ಅನುಮಾನ ಇದ್ರೂ, ಹೇಳಿ. 1994ರ ಪಿಸಿಪಿಎನ್‌ಡಿಟಿ ಕಾಯ್ದೆ (ಹುಟ್ಟೋ ಮುಂಚೆ ಮಗು ಗಂಡೋ ಹೆಣ್ಣೋ ಪತ್ತೆ ಮಾಡೋದನ್ನ ತಡೆಯೋ ಕಾನೂನು) ಪ್ರಕಾರ ಬಸುರಿಯರಿಗೆ ಸ್ಕ್ಯಾನ್ ಮಾಡಿದ್ರೆ ಫಾರಂ ಎಫ್ ತುಂಬಿಸ್ಬೇಕು, ಐಡಿ ಕಾರ್ಡ್ ಕೇಳೋದೂ ಅದಕ್ಕೇ, ಗಾಬರಿ ಬೇಡ.

## ಹಂತ 6: ಟೇಬಲ್ ಮೇಲೆ, ತುಂಬಿದ ಮೂತ್ರಕೋಶ

ಅಂಗಾತ ಮಲಗಿಸಿ, ಕೆಳಹೊಟ್ಟೆಗೆ ತಣ್ಣನೆ ಜೆಲ್ ಹಾಕಿ, ಗುಪ್ತಾಂಗದ ಮುಂದಿನ ಮೂಳೆ ಮೇಲ್ಗಡೆ ಪ್ರೋಬ್ (ಸ್ಕ್ಯಾನ್ ಮಾಡೋಕೆ ಕೈಯಲ್ಲಿ ಹಿಡಿಯೋ ಉಪಕರಣ) ಇಟ್ಟು ಕೆಳಕ್ಕೆ ವಾಲಿಸಿ ನೋಡ್ತಾರೆ, ಒಂದ್ಸಲ ಅಡ್ಡ, ಒಂದ್ಸಲ ಉದ್ದ. ಮೂತ್ರ ಸ್ಕ್ರೀನಲ್ಲಿ ಪೂರ್ತಿ ಕಪ್ಪು. ಅದರೊಳಗೆ ಬಿಳಿ ಏನಾದ್ರೂ ಕಂಡು ಅದರ ಹಿಂದೆ ಕಪ್ಪು ನೆರಳು ಬಿದ್ರೆ ಕಲ್ಲು ಅಂತ ಅನುಮಾನ. ಆಗ "ಪಕ್ಕಕ್ಕೆ ತಿರುಗಿ" ಅಂತಾರೆ. ಕಲ್ಲು ಉರುಳತ್ತೆ, ರಕ್ತದ ಗಡ್ಡೆನೂ ಸಾಮಾನ್ಯವಾಗಿ ಜರುಗತ್ತೆ, ಗೋಡೆಯಿಂದ ಬೆಳೆದ ಗೆಡ್ಡೆ ಇದ್ದಲ್ಲೇ ಇರತ್ತೆ, ಡಾಪ್ಲರ್ (ಹರಿಯೋದನ್ನ ಬಣ್ಣದಲ್ಲಿ ತೋರಿಸೋ ಸ್ಕ್ಯಾನ್) ಹಾಕಿದ್ರೆ ಒಳಗೆ ರಕ್ತ ಓಡಾಡೋದೂ ಕಾಣಬಹುದು. ಅದಕ್ಕೇ ತಿರುಗಿ ಅಂದಾಗ ಪೂರ್ತಿ ತಿರುಗಿ, ಅರ್ಧಂಬರ್ಧ ಬೇಡ.

ಕಿಡ್ನಿ ನಾಳ ಬಂದು ಸೇರೋ ಜಾಗದಲ್ಲಿ ಕಲ್ಲು ಸಿಕ್ಕಿದ್ರೆ ಮೂತ್ರಕೋಶ ತುಂಬಿದಾಗಲೇ ಚೆನ್ನಾಗಿ ಕಾಣೋದು. ಕಲರ್ ಡಾಪ್ಲರಲ್ಲಿ ಎರಡೂ ಕಡೆಯಿಂದ ಮೂತ್ರ ಚಿಮ್ಮೋದನ್ನ ನೋಡ್ತಾರೆ, ಅದಕ್ಕೆ ಕೆಲವು ನಿಮಿಷ ಬೇಕು, "ಯಾಕೆ ಒಂದೇ ಕಡೆ ಒತ್ತಿಟ್ಕೊಂಡಿದಾರೆ" ಅಂತ ಹೆದರಬೇಡಿ.

ನೀವು ಹೇಳ್ಬೇಕಾದ್ದು: ಸಿಸೇರಿಯನ್ ಆಗಿದ್ಯಾ, ಗರ್ಭಕೋಶ ತೆಗೆಸಿದೀರಾ, ಲೀಕ್‌ಗೆ ಟೇಪ್ ಅಥವಾ ಮೆಶ್ ಹಾಕಿಸಿದೀರಾ, ಕಲ್ಲಿನ ಆಪರೇಷನ್ ಟೈಮಲ್ಲಿ ಸ್ಟೆಂಟ್ (ಕಿಡ್ನಿ ನಾಳದೊಳಗೆ ಇಡೋ ಸಣ್ಣ ಕೊಳವೆ) ಹಾಕಿದ್ರಾ. ಈ ಸ್ಟೆಂಟ್ ವಿಷ್ಯ ಒತ್ತಿ ಹೇಳ್ತೀನಿ. ನೋವು ಹೋಯ್ತು ಅಂತ ತೆಗೆಸೋಕೆ ವಾಪಸ್ ಹೋಗದೆ ವರ್ಷಾನುಗಟ್ಲೆ ಒಳಗೇ ಬಿಟ್ಕೊಂಡಿರೋರು ಇದಾರೆ, ಅದರ ಸುತ್ತ ಕಲ್ಲು ಕಟ್ಟಿರತ್ತೆ.

## ಹಂತ 7: ಬಾತ್ರೂಮಿಗೆ ಹೋಗಿ ಬರೋದು (ಹಾಳಾಗೋದು ಇಲ್ಲೇ)

ಇದನ್ನ ಪಿವಿಆರ್ ಅಂತಾರೆ, ಹೋಗಿ ಬಂದ್ಮೇಲೆ ಎಷ್ಟು ಉಳೀತು ಅನ್ನೋ ಅಳತೆ. ಮಾಡೋದು ಸಿಂಪಲ್. ಚೀಲದ ಉದ್ದ, ಅಗಲ, ಆಳ ಮೂರನ್ನೂ ಸೆಂಟಿಮೀಟರಲ್ಲಿ ಅಳೆದು ಗುಣಿಸಿ 0.52ರಿಂದ ಮತ್ತೆ ಗುಣಿಸ್ತಾರೆ. ಹೋಗೋ ಮುಂಚೆ 9.5, 8, 7 ಇದ್ರೆ ಸುಮಾರು 277 ಎಂಎಲ್. ಹೋಗಿ ಬಂದ್ಮೇಲೆ 5, 4, 4 ಇದ್ರೆ ಸುಮಾರು 42 ಎಂಎಲ್. ಚೀಲ ಯಾವಾಗ್ಲೂ ಒಂದೇ ಆಕಾರದಲ್ಲಿ ಇರಲ್ಲ, ಹಾಗಾಗಿ ಇದು ಅಂದಾಜೇ, ಹತ್ತಿಪ್ಪತ್ತು ಎಂಎಲ್ ವ್ಯತ್ಯಾಸಕ್ಕೆ ತಲೆ ಕೆಡಿಸ್ಕೋಬೇಡಿ.

ಈಗ ಮಾಡೋ ರೀತಿ. ಹೊರಗೆ ಹೋಗೋ ಮುಂಚೆ "ಹೋಗಿ ಬಂದ ತಕ್ಷಣ ಒಳಗೆ ಬಿಡ್ತೀರಲ್ಲ?" ಅಂತ ಕೇಳಿ ಗಟ್ಟಿ ಮಾಡ್ಕೊಳ್ಳಿ. ಬಾತ್ರೂಮಲ್ಲಿ ಪೂರ್ತಿ ಕೂತ್ಕೊಳ್ಳಿ. ಇಂಡಿಯನ್ ಆದ್ರೆ ಪೂರ್ತಿ ಕುಕ್ಕರಗಾಲು, ವೆಸ್ಟರ್ನ್ ಆದ್ರೆ ಸೀಟ್ ಮೇಲೆ ಟಿಶ್ಯೂ ಹಾಸಿ ಕೂತ್ಕೊಳ್ಳಿ. ಗಲೀಜು ಅಂತ ಅರ್ಧ ಬಗ್ಗಿ ನಿಂತ್ಕೊಂಡು ಮಾಡೋದೇ ದೊಡ್ಡ ತಪ್ಪು, ತೊಡೆ ಬಿಗಿಯಾದ್ರೆ ಕೆಳಗಿನ ಸ್ನಾಯುನೂ ಸಡಿಲ ಆಗಲ್ಲ, ಪೂರ್ತಿ ಖಾಲಿ ಆಗಲ್ಲ. ಹೊರಗೆ ಯಾರೋ ಬಾಗಿಲು ಬಡೀತಿದ್ರೆ ಬಡೀಲಿ, ಮುಕ್ಕಬೇಡಿ, ಅವಸರ ಮಾಡಬೇಡಿ, ದಿನಾ ಮನೇಲಿ ಹೇಗೆ ಹೋಗ್ತೀರೋ ಹಾಗೆ. ಗರ್ಭಕೋಶ ಅಥವಾ ಮೂತ್ರಕೋಶ ಜಾರಿರೋ ಕೆಲವರು ಬೆರಳಿಂದ ಒಳಗೆ ತಳ್ಕೊಂಡ್ರೆ ಮಾತ್ರ ಮೂತ್ರ ಬರತ್ತೆ ಅಂತಾರೆ. ಅದನ್ನ ಗಂಡನಿಗೂ ಹೇಳಿರಲ್ಲ, ಆದ್ರೆ ಡಾಕ್ಟ್ರಿಗೆ ಹೇಳ್ಬೇಕು. ರೋಗ ಪತ್ತೆಗೆ ಸ್ಕ್ಯಾನಿನಷ್ಟೇ ಮುಖ್ಯ ಆ ಒಂದು ಮಾತು.

ಬಂದ ಕೂಡ್ಲೆ ಮಲಗಬೇಕು, 10 ನಿಮಿಷದೊಳಗೆ. ಯಾಕೆ ಅಂದ್ರೆ ನೀವು ಈಗಷ್ಟೇ ಮುಕ್ಕಾಲು ಲೀಟರ್ ಕುಡಿದಿದೀರ, ಕಿಡ್ನಿ ಫುಲ್ ಸ್ಪೀಡಲ್ಲಿ ಕೆಲಸ ಮಾಡ್ತಿದೆ. ಸಾಮಾನ್ಯವಾಗಿ ನಿಮಿಷಕ್ಕೆ 1-2 ಎಂಎಲ್ ಬರೋದು, ಇಷ್ಟು ನೀರು ಕುಡಿದಾಗ 10 ಎಂಎಲ್ ತನಕನೂ ಹೋಗಬಹುದು. ಮಧ್ಯದಲ್ಲಿ ಇಬ್ರು ಬಸುರಿಯರನ್ನ ಒಳಗೆ ಬಿಟ್ಟು ನಿಮ್ಮನ್ನ ಅರ್ಧ ಗಂಟೆ ಕೂರಿಸಿದ್ರೆ ಹೊಸದಾಗಿ 100, 200, ಕೆಲವರಿಗೆ 300 ಎಂಎಲ್ ಸೇರಿರತ್ತೆ. ರಿಪೋರ್ಟಲ್ಲಿ ಅದೂ "ಉಳಿದ ಮೂತ್ರ" ಅಂತಲೇ ಬರೋದು. ಹಾಗೆ ಕಾಯಿಸಿದ್ರೆ ಜಗಳ ಬೇಡ, ಇನ್ನೊಂದ್ಸಲ ಹೋಗಿ ಬಂದು ಮಲಗ್ತೀನಿ ಅಂತ ಹೇಳಿ.

ಮೂತ್ರ ಹೋಗಿದ್ದು ತೀರಾ ಕಮ್ಮಿ ಅನಿಸಿದ್ರೆ, ಗಾಬರಿಗೆ ಬರಲೇ ಇಲ್ಲ ಅನಿಸಿದ್ರೆ, ಅದನ್ನೂ ಹೇಳಿ, ಆಗ ತೆಗೆದ ಅಳತೆಗೆ ಬೆಲೆ ಇಲ್ಲ. ಕೈಯಲ್ಲಿ ಹಿಡಿಯೋ ಬ್ಲಾಡರ್ ಸ್ಕ್ಯಾನರ್ ಅಂತ ಬರತ್ತೆ, ವಾರ್ಡಲ್ಲಿ ನರ್ಸ್ ಇಟ್ಟು ನಂಬರ್ ನೋಡ್ತಾರೆ. ಅದು ಚಿತ್ರ ಅರ್ಥ ಮಾಡ್ಕೊಳ್ಳಲ್ಲ, ಕಪ್ಪಗೆ ಕಂಡಿದ್ದನ್ನ ಮೂತ್ರ ಅಂದ್ಕೊಳ್ಳತ್ತೆ. ಅಂಡಾಶಯದಲ್ಲಿ ನೀರುಗಡ್ಡೆ ಇದ್ರೆ, ಹೊಟ್ಟೆಲಿ ನೀರು ತುಂಬಿದ್ರೆ, ಅದನ್ನೇ 400 ಎಂಎಲ್ ಮೂತ್ರ ಅಂತ ತೋರಿಸಬಹುದು. ಪೈಪ್ ಹಾಕಿದ್ರೂ ಏನೂ ಬರ್ತಿಲ್ಲ, ನಂಬರ್ ಮಾತ್ರ ಹಾಗೇ ಇದೆ ಅಂದ್ರೆ ದೊಡ್ಡ ಮೆಷಿನಲ್ಲಿ ನೋಡಿಸಲೇಬೇಕು.

## ಹಂತ 8: ಒಳಗಿಂದ ಅಥವಾ ಕೆಳಗಿಂದ ಮಾಡೋ ಸ್ಕ್ಯಾನ್

ಎಲ್ಲರಿಗೂ ಬೇಕಾಗಲ್ಲ. ಯೋನಿಯೊಳಗೆ ಸಣ್ಣ ಪ್ರೋಬ್ ಹಾಕಿ ಮಾಡೋದಕ್ಕೆ ಮೂತ್ರಕೋಶ ಖಾಲಿ ಇರಬೇಕು, ಹಾಗಾಗಿ ಎರಡೂ ಇದ್ರೆ ಮೊದ್ಲು ಹೊಟ್ಟೆ ಮೇಲಿಂದ, ಪಿವಿಆರ್ ಆದ್ಮೇಲೆ ಇದು. ಪ್ರೋಬ್‌ಗೆ ಕಾಂಡೋಮ್ ಹಾಕಿರ್ತಾರೆ, ಲ್ಯಾಟೆಕ್ಸ್ ಅಲರ್ಜಿ ಇದ್ರೆ ಹೇಳಿ. ನಿಮ್ಮನ್ನ ಕೇಳದೆ ಮಾಡೋ ಹಾಗಿಲ್ಲ, ಲೈಂಗಿಕ ಸಂಪರ್ಕ ಆಗಿಲ್ಲದ ಹುಡುಗಿಯರಿಗೆ ಸಾಮಾನ್ಯವಾಗಿ ಮಾಡಲ್ಲ, ಒಬ್ರು ಹೆಂಗಸು ಪಕ್ಕದಲ್ಲಿರಲಿ ಅಂತ ಕೇಳೋದು ನಿಮ್ಮ ಹಕ್ಕು.

ಇನ್ನೊಂದು, ಹೊರಗಡೆಯಿಂದಲೇ ಯೋನಿ ದ್ವಾರದ ಮೇಲೆ ಪ್ರೋಬ್ ಇಟ್ಟು ನೋಡೋದು. ಕೆಮ್ಮಿ ಅಂತಾರೆ, ಮುಕ್ಕಿ ಅಂತಾರೆ, ಆಗ ಮೂತ್ರಕೋಶದ ಕುತ್ತಿಗೆ ಎಷ್ಟು ಕೆಳಗಿಳಿಯತ್ತೆ, ಗೋಡೆ ಜೋತುಬಿದ್ದಿದ್ಯಾ, ಹಾಕಿದ ಟೇಪ್ ಜಾಗದಲ್ಲೇ ಇದ್ಯಾ ಅಂತ ಗೊತ್ತಾಗತ್ತೆ. ಲೀಕ್ ಆದ್ರೂ ಪರವಾಗಿಲ್ಲ, ಹಿಡ್ಕೊಂಡು ಮುಕ್ಕಿದ್ರೆ ಟೆಸ್ಟ್ ವೇಸ್ಟು. ಬರೀ ಕೆಮ್ಮಿದ್ರೆ ಲೀಕ್ ಆಗತ್ತೆ ಅನ್ನೋರಿಗೆಲ್ಲ ಇದು ಬೇಕಿಲ್ಲ. ಬ್ರಿಟನ್ನಿನಲ್ಲಿ ಡಾಕ್ಟ್ರುಗಳಿಗೆ ಗೈಡ್‌ಲೈನ್ ಮಾಡೋ ನೈಸ್ (NICE) ಸಂಸ್ಥೆಯ 2019ರ ಗೈಡ್‌ಲೈನಲ್ಲೂ ಲೀಕ್ ಇರೋ ಹೆಂಗಸರಿಗೆ ಉಳಿದ ಮೂತ್ರ ಅಳೆಯೋದಕ್ಕೆ ಬಿಟ್ಟು ಬೇರೆಯದಕ್ಕೆ ಮಾಮೂಲಾಗಿ ಅಲ್ಟ್ರಾಸೌಂಡ್ ಬೇಡ ಅಂತಲೇ ಇದೆ. ಆಪರೇಷನ್ ಆದ್ಮೇಲೂ ತೊಂದ್ರೆ ಇರೋರಿಗೆ, ಜಾರಿರೋದು ಕ್ಲಿಯರ್ ಆಗದವರಿಗೆ ಡಾಕ್ಟ್ರು ಬರೀತಾರೆ.

## ಹಂತ 9: ರಿಪೋರ್ಟ್ ಓದೋದು

ಮೊದ್ಲು ಎರಡು ನಂಬರ್ ಹುಡುಕಿ, ಹೋಗೋ ಮುಂಚೆ ಎಷ್ಟಿತ್ತು, ಹೋದ್ಮೇಲೆ ಎಷ್ಟು. ಒಂದೇ ನಂಬರ್ ಇದ್ರೆ ಅರ್ಧ ರಿಪೋರ್ಟು. ಉಳಿದಿದ್ದು 50 ಎಂಎಲ್ ಒಳಗೆ ಇದ್ರೆ ಸಾಮಾನ್ಯವಾಗಿ ಚಿಂತೆ ಇಲ್ಲ. 200 ದಾಟಿದ್ರೆ ಸರಿಯಾಗಿ ಖಾಲಿ ಆಗ್ತಿಲ್ಲ ಅಂತ ತಗೊಳ್ತಾರೆ. ನಡುವಿನದ್ದಕ್ಕೆ ಒಂದೇ ಗೆರೆ ಇಲ್ಲ, ವಯಸ್ಸು, ಶುಗರ್, ಸೋಂಕು, ಎಷ್ಟು ತುಂಬಿತ್ತು ಎಲ್ಲ ನೋಡಿ ಡಾಕ್ಟ್ರು ಹೇಳ್ಬೇಕು. 300ರಲ್ಲಿ 120 ಉಳಿಯೋದೂ 750ರಲ್ಲಿ 120 ಉಳಿಯೋದೂ ಒಂದೇ ಅಲ್ಲ.

ಗೋಡೆ ದಪ್ಪ ಅಂತ ಬರೆದಿದ್ರೆ ಆಗ ಚೀಲ ತುಂಬಿತ್ತಾ ನೋಡಿ. ಊದಿದ ಬಲೂನಿನ ರಬ್ಬರ್ ತೆಳ್ಳಗೆ, ಗಾಳಿ ಬಿಟ್ಟ ಬಲೂನಿನದ್ದು ದಪ್ಪ, ಹಾಗೇ ಇದು. ಚೆನ್ನಾಗಿ ತುಂಬಿದಾಗ 3 ಮಿಲಿಮೀಟರ್, ಖಾಲಿ ಇದ್ದಾಗ 5ರ ತನಕ ನಾರ್ಮಲ್. ಖಾಲಿ ಚೀಲದಲ್ಲಿ 5 ನೋಡಿ "ಸಿಸ್ಟೈಟಿಸ್" (ಮೂತ್ರಕೋಶದ ಉರಿಯೂತ) ಅಂತ ಬರೆದಿದ್ದನ್ನೇ ನಂಬಿ ಮೆಡಿಕಲ್ ಶಾಪಲ್ಲಿ ಆಂಟಿಬಯೋಟಿಕ್ ತಗೊಳ್ಳಬೇಡಿ, ಯೂರಿನ್ ಟೆಸ್ಟ್ ಇಲ್ದೆ ಆ ಪದಕ್ಕೆ ಅರ್ಥ ಇಲ್ಲ.

"ಒಳಗೆ ಕಣಗಳು ತೇಲ್ತಿವೆ" ಅಂದ್ರೆ ಕೀವು, ರಕ್ತ, ಸಣ್ಣ ಹರಳು ಯಾವ್ದೂ ಆಗಬಹುದು. "ಹೈಡ್ರೋನೆಫ್ರೋಸಿಸ್" ಅಂದ್ರೆ ಕಿಡ್ನಿ ಊತ, ಮೂತ್ರ ಹೋದ್ಮೇಲೂ ಊತ ಹಾಗೇ ಇದ್ರೆ ತಡ ಮಾಡಬೇಡಿ. "ಸಿಸ್ಟೋಸೀಲ್" ಅಂದ್ರೆ ಮೂತ್ರಕೋಶದ ಗೋಡೆ ಯೋನಿ ಕಡೆ ಜಾರಿರೋದು.

ಪಿವಿಆರ್ ಜಾಸ್ತಿ ಬಂದಿದ್ರೆ, ಬೇರೆ ಅಪಾಯದ ಲಕ್ಷಣ ಇಲ್ದಿದ್ರೆ, ಟ್ರೀಟ್‌ಮೆಂಟ್ ಶುರು ಮಾಡೋ ಮುಂಚೆ ಇನ್ನೊಂದ್ಸಲ ಅಳೆಸೋಣ್ವಾ ಅಂತ ಡಾಕ್ಟ್ರನ್ನ ಕೇಳಿ. ಆಗ ಅದೇ ಸೆಂಟರ್, ಅಷ್ಟೇ ನೀರು, ಮತ್ತೆ ರಿಪೋರ್ಟ್ ಹಿಂದೆ ಪೆನ್ನಲ್ಲಿ ಮೂರು ಟೈಮ್ ಬರೆದಿಡಿ: ನೀರು ಕುಡಿದು ಮುಗಿಸಿದ್ದು, ಬಾತ್ರೂಮಿಗೆ ಹೋಗಿದ್ದು, ಮತ್ತೆ ಟೇಬಲ್ ಮೇಲೆ ಮಲಗಿದ್ದು.